ಕೈ ಜೋಮು, ನಟ್ಟು ಸಡಿಲ

ಕೊಟ್ಟಿಗೆಹಾರದಲ್ಲಿ ನೀರುದೋಸೆಗೆಂದು ಬೈಕು ನಿಲ್ಲಿಸಿದಾಗ ಬಲಗೈಯ ಕೊನೆಯ ಎರಡು ಬೆರಳು ಜೋಮು ಹಿಡಿದಿದ್ದವು. ದೋಸೆ ತಟ್ಟೆಯಲ್ಲಿ ಆರುತ್ತಿತ್ತು. ನಾನು ಬೆರಳು ಮಡಚುತ್ತ, ಬಿಚ್ಚುತ್ತ ಕೂತಿದ್ದೆ. ತಿಂದು ಹೊರಗೆ ಬಂದು ನೋಡಿದರೆ ಹಿಂದಿನ ಲಗೇಜ್ ಕ್ಯಾರಿಯರಿನ ನಾಲ್ಕು ಬೋಲ್ಟುಗಳಲ್ಲಿ ಒಂದು ದಾರಿಯಲ್ಲೆಲ್ಲೋ ಬಿದ್ದುಹೋಗಿದೆ, ಇನ್ನೊಂದು ಬೆರಳಲ್ಲೇ ತಿರುಗುತ್ತಿದೆ. ಆ ಕ್ಯಾರಿಯರನ್ನು ಹಿಂದಿನ ವಾರ ನಾನೇ ಕೂರಿಸಿದ್ದೆ, ಸ್ಪ್ಯಾನರಿನ ಮೇಲೆ ಮೈಭಾರ ಹಾಕಿ ಬಿಗಿದಿದ್ದೆ. ಅವತ್ತು ಇವೆರಡೂ ಬೇರೆ ಬೇರೆ ತೊಂದರೆ ಎಂದುಕೊಂಡೆ. ಕೈಗೆ ಮೆತ್ತನೆಯ ಗ್ರಿಪ್ಪು, ಬೋಲ್ಟಿಗೆ ಸ್ಪ್ರಿಂಗ್ ವಾಷರು ಎಂದು ಪರಿಹಾರವನ್ನೂ ಬೇರೆ ಬೇರೆ ಹುಡುಕಿದೆ. ಒಂದೇ ಕಾಯಿಲೆಯ ಎರಡು ಲಕ್ಷಣ ಅವು ಎಂದು ಅರ್ಥವಾಗಲು ಇನ್ನೆರಡು ಮಳೆಗಾಲ ಬೇಕಾಯಿತು. ಸವಾರನ ಮೈಗೆ ಒಗ್ಗದ್ದು ಬೈಕಿಗೂ ಒಗ್ಗುವುದಿಲ್ಲ. ಸುಖಕ್ಕೊಂದು ರಿಪೇರಿ, ಬಾಳಿಕೆಗೊಂದು ರಿಪೇರಿ ಎಂದು ಎರಡಿಲ್ಲ.

ಡಾಂಬರಿನಲ್ಲೂ ಓಡಬೇಕು, ಡಾಂಬರು ಮುಗಿದ ಮೇಲೂ ಓಡಬೇಕು ಎಂಬ ಬೇಡಿಕೆಯಿಂದ ಹುಟ್ಟಿದ ಬೈಕುಗಳಿಗೆ ಡ್ಯುಯಲ್ ಸ್ಪೋರ್ಟ್ ಎಂಬ ಹೆಸರು ನಿಂತಿದೆ. 1968ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಯಮಹಾ ಡಿಟಿ-1 ಈ ವರ್ಗವನ್ನು ಜನಪ್ರಿಯಗೊಳಿಸಿತು. ನಮ್ಮಲ್ಲಿ 2011ರ ಹೀರೋ ಇಂಪಲ್ಸ್, 2016ರ ರಾಯಲ್ ಎನ್‌ಫೀಲ್ಡ್ ಹಿಮಾಲಯನ್, 2019ರ ಎಕ್ಸ್‌ಪಲ್ಸ್ 200 ಅದೇ ಬಳಗದವು. ಅದಕ್ಕೂ ಹಿಂದೆ ಕಾಫಿ ತೋಟದ ಕಚ್ಚಾ ರಸ್ತೆಗಳಲ್ಲಿ ಮೈಸೂರಿನಲ್ಲೇ ತಯಾರಾದ ಜಾವಾ, ಯೆಜ್ಡಿಗಳು ಈ ಕೆಲಸ ಮಾಡುತ್ತಿದ್ದವು, ಹೆಸರು ಮಾತ್ರ ಇರಲಿಲ್ಲ. ಈಗಿನವುಗಳ ಮೈಕಟ್ಟು ನೋಡಿದರೆ ಉದ್ದೇಶ ತಿಳಿಯುತ್ತದೆ. ಮುಂದೆ 21 ಇಂಚಿನ ದೊಡ್ಡ ಚಕ್ರ, ಕಡ್ಡಿಗಳ ರಿಮ್ಮು, 200 ಮಿಲಿಮೀಟರಿಗೂ ಮಿಕ್ಕಿ ನೆಲದಿಂದ ಎತ್ತರ, ಉದ್ದನೆಯ ಶಾಕಪ್ಪು. ಹೀಗೆ ಎತ್ತರವಾಗಿ, ಉದ್ದವಾಗಿ ಮಾಡಿದ ಪ್ರತಿಯೊಂದೂ ಸ್ವಲ್ಪ ಹೆಚ್ಚು ಆರೈಕೆ ಕೇಳುತ್ತದೆ.

ಮೊದಲು ಕಂಪನ. ಬಹುಪಾಲು ಇಂಥ ಬೈಕುಗಳಿಗೆ ಒಂದೇ ಸಿಲಿಂಡರು. 200 ಸಿಸಿ ಎಂಜಿನ್ನಿನಲ್ಲಿ ಪಿಸ್ಟನ್ನು ಮೇಲಿಂದ ಕೆಳಗೆ ಓಡುವ ದೂರ ಸುಮಾರು 58 ಮಿಲಿಮೀಟರ್. ನಿಮಿಷಕ್ಕೆ 5,400 ಸುತ್ತಿನಲ್ಲಿ ಅದು ಸೆಕೆಂಡಿಗೆ 90 ಸಲ ಮೇಲೆ ಹೋಗಿ, ನಿಂತು, ಕೆಳಗೆ ಬರಬೇಕು. ತುದಿಯಲ್ಲಿ ತಿರುಗುವ ಕ್ಷಣದಲ್ಲಿ ಅದರ ವೇಗೋತ್ಕರ್ಷ ಗುರುತ್ವದ 900 ಪಟ್ಟನ್ನೂ ಮೀರುತ್ತದೆ. ಕೈಯಲ್ಲಿ ಹಿಡಿದರೆ ಅಷ್ಟೇನೂ ಭಾರ ಅನ್ನಿಸದ ಆ ಲೋಹದ ತುಂಡು ಆ ಗಳಿಗೆಯಲ್ಲಿ ಒಬ್ಬ ದಪ್ಪ ಆಳಿನ ಭಾರಕ್ಕಿಂತ ಹೆಚ್ಚಿನ ಬಲದಲ್ಲಿ ಎಂಜಿನ್ನನ್ನು ಎಳೆಯುತ್ತದೆ, ಮರುಗಳಿಗೆ ತಳ್ಳುತ್ತದೆ. ಕ್ರ್ಯಾಂಕಿನ ಮೇಲಿನ ತೂಕವೂ ಬ್ಯಾಲೆನ್ಸರ್ ಶಾಫ್ಟೂ ಇದರಲ್ಲಿ ಬಹುಪಾಲನ್ನು ನುಂಗುತ್ತವೆ. ಉಳಿದದ್ದು ಚಾಸಿಗೆ ಇಳಿದು ಹ್ಯಾಂಡಲ್ಲಿಗೆ, ಸೀಟಿಗೆ, ಕ್ಯಾರಿಯರಿಗೆ ಹಂಚಿಹೋಗುತ್ತದೆ.

ಈ ನಡುಕ ಬೋಲ್ಟನ್ನು ಬಿಚ್ಚುವ ಬಗೆ ನನಗೆ ಈ ಇಡೀ ವಿಷಯದಲ್ಲೇ ಅತಿ ಸೊಗಸಾದ ಭಾಗ. ಬೋಲ್ಟನ್ನು ಬಿಗಿಯುವುದೆಂದರೆ ಅದನ್ನು ಕೂದಲೆಳೆಯಷ್ಟು ಹಿಗ್ಗಿಸುವುದು. ಹಿಗ್ಗಿದ ಉಕ್ಕು ವಾಪಸು ಕುಗ್ಗಲು ಹವಣಿಸುತ್ತ ಎರಡು ಭಾಗಗಳನ್ನು ಒಟ್ಟಿಗೆ ಒತ್ತಿ ಹಿಡಿಯುತ್ತದೆ. ಮರೆಯಲ್ಲಿ ಅದು ಕೂಡ ಒಂದು ಸ್ಪ್ರಿಂಗೇ. ನಟ್ಟು ಹಿಂದೆ ತಿರುಗದಂತೆ ತಡೆಯುವುದು ಎಳೆಗಳ ನಡುವಿನ ಘರ್ಷಣೆ. 1969ರಲ್ಲಿ ಜರ್ಮನಿಯ ಎಂಜಿನಿಯರ್ ಗೆರ್ಹಾರ್ಡ್ ಯುಂಕರ್ ಇದನ್ನು ಪ್ರಯೋಗದಿಂದ ಬಿಡಿಸಿ ತೋರಿಸಿದರು. ಬೋಲ್ಟಿನ ಉದ್ದಕ್ಕೆ ಎಳೆದಾಡುವ ಬಲಕ್ಕಿಂತ ಅಡ್ಡಡ್ಡ ಜಾರಿಸುವ ಬಲವೇ ಅದನ್ನು ಬೇಗ ಬಿಚ್ಚುತ್ತದೆ ಎಂಬುದು ಅವರು ಕಂಡದ್ದು. ಬೆರಳಲ್ಲಿ ಸಿಕ್ಕಿಕೊಂಡ ಉಂಗುರವನ್ನು ನೇರ ಎಳೆದರೆ ಬರುವುದಿಲ್ಲ, ತಿರುಗಿಸುತ್ತ ಎಳೆದರೆ ಬರುತ್ತದೆ. ಘರ್ಷಣೆ ಒಂದು ದಿಕ್ಕಿನ ಜಾರುವಿಕೆಯನ್ನು ತಡೆಯುವುದರಲ್ಲೇ ಮುಗಿದುಹೋಗಿ, ಇನ್ನೊಂದು ದಿಕ್ಕನ್ನು ತಡೆಯಲು ಅದರ ಬಳಿ ಏನೂ ಉಳಿಯುವುದಿಲ್ಲ. ಕ್ಯಾರಿಯರಿನ ಮೇಲೆ ಹತ್ತು ಕಿಲೋ ಚೀಲ ಕಟ್ಟಿ ಕಲ್ಲುದಾರಿಯಲ್ಲಿ ಓಡಿಸಿದರೆ ಬೋಲ್ಟಿನ ತಲೆಯ ಕೆಳಗೆ ಅದೇ ಅಡ್ಡ ಜಾರುವಿಕೆ, ಸೆಕೆಂಡಿಗೆ ಹತ್ತಾರು ಸಲ. ಪ್ರತಿ ಸಲ ಒಂದು ಎಳ್ಳಿನಷ್ಟು ಹಿಂದೆ.

ಯುಂಕರ್ ಬಗೆಯ ಪರೀಕ್ಷೆಯಲ್ಲಿ ನಾವೆಲ್ಲ ನಂಬುವ ಸುರುಳಿ ಸ್ಪ್ರಿಂಗ್ ವಾಷರು ಹೆಚ್ಚೇನೂ ಉಪಯೋಗಕ್ಕೆ ಬರುವುದಿಲ್ಲ. ಜಾರುವಿಕೆಯನ್ನೇ ತಡೆಯುವಷ್ಟು ಸರಿಯಾದ ಬಿಗಿತ ಬೇಕು, ಇಲ್ಲವೇ ಎಳೆಗಳ ನಡುವಿನ ಸಂದನ್ನು ತುಂಬುವ ಅಂಟು ಬೇಕು. ಆ ಅಂಟನ್ನು 1953ರಲ್ಲಿ ರೂಪಿಸಿದವರು ಅಮೆರಿಕದ ಹಾರ್ಟ್‌ಫರ್ಡ್‌ನ ಟ್ರಿನಿಟಿ ಕಾಲೇಜಿನ ರಸಾಯನಶಾಸ್ತ್ರದ ಪ್ರಾಧ್ಯಾಪಕ ವರ್ನನ್ ಕ್ರೀಬಲ್. ಗಾಳಿ ಇರುವತನಕ ಅದು ದ್ರವ. ಗಾಳಿಯಿಲ್ಲದ ಸಂದಿನಲ್ಲಿ ಲೋಹವನ್ನು ಮುಟ್ಟಿತೆಂದರೆ ಗಟ್ಟಿಯಾಗುತ್ತದೆ. ಲಾಕ್‌ಟೈಟ್ ಎಂಬ ಹೆಸರಲ್ಲಿ ಈಗ ಬಿಡಿಭಾಗದ ಅಂಗಡಿಗಳಲ್ಲೂ ಸಿಗುತ್ತದೆ. ನೀಲಿ ಬಣ್ಣದ್ದನ್ನು ಕೊಳ್ಳಬೇಕು, ಅದು ಸ್ಪ್ಯಾನರಿಗೆ ಬಿಚ್ಚಲು ಬರುತ್ತದೆ. ಕೆಂಪು ಬಣ್ಣದ್ದಕ್ಕೆ ಬೆಂಕಿ ತೋರಿಸಬೇಕಾದೀತು. ಎಳೆಯ ಎಣ್ಣೆ ಒರೆಸಿ ಒಂದು ಹನಿ ಸಾಕು. ಬಿಗಿದ ಮೇಲೆ ಬೋಲ್ಟಿನ ತಲೆಯಿಂದ ಚಾಸಿಗೆ ಬಿಳಿ ಬಣ್ಣದ ಒಂದು ಗೆರೆ ಎಳೆಯಿರಿ. ಗೆರೆ ಮುರಿದಿದ್ದರೆ ಬೋಲ್ಟು ತಿರುಗಿದೆ. ದೋಸೆ ಅಂಗಡಿಯ ಮುಂದೆ ನಿಂತೇ ಕಣ್ಣಾಡಿಸಿ ಇಪ್ಪತ್ತು ಬೋಲ್ಟುಗಳ ಆರೋಗ್ಯ ತಿಳಿಯಬಹುದು.

ಇನ್ನು ಬೆರಳು. ನಮ್ಮ ಚರ್ಮದ ಆಳದಲ್ಲಿ ಕಂಪನ ಗ್ರಹಿಸುವ ಪುಟ್ಟ ಈರುಳ್ಳಿಯಂಥ ಅಂಗಗಳಿವೆ, ಪಚೀನಿಯನ್ ಕಣಗಳೆಂದು ಹೆಸರು. ಅವು ಅತ್ಯಂತ ಚುರುಕಾಗಿರುವುದು ಸೆಕೆಂಡಿಗೆ 250ರ ಆಸುಪಾಸಿನ ಕಂಪನಕ್ಕೆ. ಎಂಜಿನ್ನಿನ 90, ಅದರ ಎರಡು ಪಟ್ಟು, ಮೂರು ಪಟ್ಟು ಎಲ್ಲ ಸೇರಿ ಸರಿಯಾಗಿ ಆ ವಲಯಕ್ಕೇ ಬಂದು ಬಡಿಯುತ್ತವೆ. ಹ್ಯಾಂಡಲ್ ಪೈಪಿಗೂ ತನ್ನದೇ ಸ್ವಂತ ಕಂಪನವಿದೆ, ತಂಬೂರಿಯ ತಂತಿಗಿದ್ದಂತೆ. ಎಂಜಿನ್ನಿನ ಸುತ್ತು ಅದಕ್ಕೆ ಹೊಂದಿತೋ, ಪೈಪು ಹಾಡುತ್ತದೆ, ಕೈ ಸಾಯುತ್ತದೆ. ತುದಿಯಲ್ಲಿ ಕೂರಿಸುವ ಉಕ್ಕಿನ ಗುಂಡುಗಳು ಪೈಪಿನ ಸ್ವಂತ ಕಂಪನವನ್ನು ಕೆಳಗಿಳಿಸಿ, ನೀವು ದಿನವಿಡೀ ಓಡಿಸುವ ವೇಗದಿಂದ ಆಚೆ ಸರಿಸುತ್ತವೆ. ಅದಕ್ಕೂ ಮೊದಲು ಮಾಡಬೇಕಾದ, ದುಡ್ಡು ಬೇಡದ ಕೆಲಸವೊಂದಿದೆ. ಎಂಜಿನ್ನನ್ನು ಚಾಸಿಗೆ ಹಿಡಿದಿರುವ ಬೋಲ್ಟುಗಳು ಕಂಪನಿ ಹೇಳಿದ ಬಿಗಿತದಲ್ಲಿವೆಯೇ ನೋಡುವುದು. ಒಂದು ಸಡಿಲವಾಗಿದ್ದರೂ ಇಡೀ ಬೈಕಿನ ನಡುಕದ ಬಗೆಯೇ ಬದಲಾಗುತ್ತದೆ. ನನ್ನ ಜೋಮಿನ ಮೂಲ ಅದೇ ಆಗಿತ್ತು, ಕ್ಯಾರಿಯರಿನ ಬೋಲ್ಟು ಹೋದದ್ದೂ ಅದರಿಂದಲೇ. ಮೆತ್ತನೆ ಗ್ರಿಪ್ಪಿಗೆ ಸುರಿದ ಹಣ ವ್ಯರ್ಥ.

ಎಂಜಿನ್ನಿನ ನಡುಕ ಬೆರಳಿಗೆ ಬಂದರೆ ರಸ್ತೆಯ ಕುಲುಕು ಬೆನ್ನಿಗೆ ಬರುತ್ತದೆ. ಕೂತ ಮನುಷ್ಯನ ಮುಂಡ ಸೆಕೆಂಡಿಗೆ 4ರಿಂದ 8 ಸಲದ ಮೇಲುಕೆಳಗಿನ ಕುಲುಕಿಗೆ ಅತ್ಯಂತ ಸೋಲುತ್ತದೆ. ಹೊಟ್ಟೆಯೊಳಗಿನದೆಲ್ಲ ಆ ಲಯಕ್ಕೇ ತೂಗಾಡುವುದು ಅದಕ್ಕೆ ಕಾರಣ. ಆ ಕುಲುಕು ಮೈಗೆ ತಲುಪದಂತೆ ನೋಡಿಕೊಳ್ಳುವುದು ಶಾಕಪ್ಪಿನ ಕೆಲಸ. ಅದರ ಬಗ್ಗೆ ಗ್ಯಾರೇಜುಗಳಲ್ಲಿ ದಿನವೂ ಕೇಳುವ ತಪ್ಪು ಕಲ್ಪನೆ ಒಂದಿದೆ. ಸ್ಪ್ರಿಂಗಿನ ಬುಡದ ಕಾಲರನ್ನು ತಿರುಗಿಸಿ, "ಗಟ್ಟಿ ಮಾಡಿಸಿದೆ" ಎನ್ನುತ್ತಾರೆ. ಕಾಲರು ತಿರುಗಿಸಿದರೆ ಸ್ಪ್ರಿಂಗು ಗಟ್ಟಿಯಾಗುವುದಿಲ್ಲ. ಒಂದು ಸೆಂಟಿಮೀಟರು ಅದುಮಲು ಎಷ್ಟು ಬಲ ಬೇಕೋ ಅದು ತಂತಿಯ ದಪ್ಪ, ಸುರುಳಿಯ ಅಗಲ, ಸುತ್ತುಗಳ ಲೆಕ್ಕದಿಂದ ಕಾರ್ಖಾನೆಯಲ್ಲೇ ನಿರ್ಧಾರವಾಗಿದೆ. ಕಾಲರು ಬದಲಿಸುವುದು ಎತ್ತರವನ್ನು ಮಾತ್ರ: ನೀವು ಕೂತಾಗ ಬೈಕು ತನ್ನ ಓಟದಲ್ಲಿ ಎಷ್ಟನ್ನು ಮೊದಲೇ ಖರ್ಚು ಮಾಡಿ ನಿಲ್ಲುತ್ತದೆ ಎಂಬುದನ್ನು.

ಆ ಖರ್ಚು ಒಟ್ಟು ಓಟದ ಮೂರನೇ ಒಂದರಷ್ಟಿರಬೇಕು. ಹಿಂದಿನ ಚಕ್ರ 170 ಮಿಲಿಮೀಟರ್ ಓಡುವ ಬೈಕಾದರೆ 55ರ ಆಸುಪಾಸು. ಅಳೆಯುವುದು ಸುಲಭ. ಹಿಂಚಕ್ರ ನೆಲದಿಂದ ಮೇಲಿರುವಂತೆ ಎತ್ತಿ ನಿಲ್ಲಿಸಿ, ಆಕ್ಸಲಿನಿಂದ ನೇರ ಮೇಲೆ ಸೀಟಿನ ಬಳಿ ಒಂದು ಗುರುತಿಗೆ ಟೇಪು ಹಿಡಿದು ಅಳತೆ ಬರೆದುಕೊಳ್ಳಿ. ಆಮೇಲೆ ಹೆಲ್ಮೆಟ್, ಬೂಟು, ಚೀಲ ಸಮೇತ ಕೂತು ಇನ್ನೊಬ್ಬರಿಂದ ಅಳೆಸಿ. ಎರಡರ ವ್ಯತ್ಯಾಸವೇ ಆ ಖರ್ಚು. 90 ಬಂತೆಂದರೆ ಹಳ್ಳಕ್ಕೆ ಬಿದ್ದಾಗ ಮೇಲಕ್ಕೆ ಉಳಿದ ಓಟ ಸಾಲದೆ ಶಾಕಪ್ಪು ತಳ ಹೊಡೆಯುತ್ತದೆ, ಆ ಹೊಡೆತ ನಿಮ್ಮ ಬೆನ್ನುಮೂಳೆಗೂ ಚಾಸಿಯ ಬೆಸುಗೆಗೂ ಒಟ್ಟಿಗೇ ಬೀಳುತ್ತದೆ. 20 ಬಂತೆಂದರೆ ಚಕ್ರ ಗುಂಡಿಯೊಳಗೆ ಇಳಿಯಲು ಕೆಳಮುಖ ಓಟವಿಲ್ಲದೆ ಹಾರುತ್ತದೆ. ಕಾಲರನ್ನು ಕೊನೆತನಕ ಬಿಗಿದರೂ ಅಳತೆ ಸಿಗದಿದ್ದರೆ ಆಗ ಮಾತ್ರ ಬೇರೆ ಸ್ಪ್ರಿಂಗಿನ ಮಾತು. ಟೇಪು ಹಿಡಿಯದೆ ಹೊಸ ಶಾಕಪ್ಪು ಕೊಳ್ಳುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ, ಬಹಳ ಸಲ ಹಳೆಯದರಲ್ಲಿ ದೋಷವೇ ಇರುವುದಿಲ್ಲ.

ಮುಂದಿನ ಫೋರ್ಕಿನ ಕಾಯಿಲೆ ಬೇರೆ. ಹೊಳೆಯುವ ಕೊಳವೆಯ ಮೇಲೆ ಒಣಗಿದ ಕೆಸರು ಸೀಲಿನ ತುಟಿಯೊಳಗೆ ನುಗ್ಗಿ, ಎಣ್ಣೆ ಕಣ್ಣೀರಿನಂತೆ ಇಳಿಯತೊಡಗುತ್ತದೆ. ಸೀಲು ಬದಲಿಸುವ ಮೊದಲು ಹಳೆಯ ಫೋಟೋ ನೆಗೆಟಿವಿನ ಒಂದು ತುಂಡನ್ನು ಸೀಲಿನ ತುಟಿಯೊಳಗೆ ತೂರಿಸಿ ಸುತ್ತಲೂ ಆಡಿಸಿ. ಮರಳಿನ ಕಣ ಹೊರಬಂದು ಸೋರಿಕೆ ನಿಂತದ್ದುಂಟು. ಮನೆಯ ಪೆಟ್ಟಿಗೆಯಲ್ಲಿ ನೆಗೆಟಿವು ಉಳಿದಿದ್ದರೆ ಒಂದನ್ನು ಟೂಲ್ ಚೀಲಕ್ಕೆ ಹಾಕಿಕೊಳ್ಳಿ.

ಸ್ಪ್ರಿಂಗಿಗಿಂತ ಮೊದಲ ಸ್ಪ್ರಿಂಗು ಟೈರಿನೊಳಗಿನ ಗಾಳಿ. ಬೈಕು, ಸವಾರ ಸೇರಿ 230 ಕಿಲೋ ಎಂದಿಟ್ಟುಕೊಂಡು, ಅದರಲ್ಲಿ 125 ಕಿಲೋ ಹಿಂಚಕ್ರದ ಮೇಲೆ ಎಂದುಕೊಳ್ಳಿ. 28 ಪಿಎಸ್‌ಐ ಗಾಳಿಯೆಂದರೆ ಚದರ ಸೆಂಟಿಮೀಟರಿಗೆ ಹೆಚ್ಚುಕಡಿಮೆ 2 ಕಿಲೋ. ಭಾಗಿಸಿದರೆ ನೆಲ ಮುಟ್ಟುವ ಟೈರು ಸುಮಾರು 63 ಚದರ ಸೆಂಟಿಮೀಟರು, ಅಂಚೆ ಕಾರ್ಡಿನ ಅರ್ಧ. 18ಕ್ಕೆ ಇಳಿಸಿದರೆ ಅದು ನೂರರ ಹತ್ತಿರ ಬರುತ್ತದೆ. ಕೆಸರಿನಲ್ಲಿ, ಸಡಿಲ ಜಲ್ಲಿಯಲ್ಲಿ ಹಿಡಿತ ಹೆಚ್ಚುತ್ತದೆ, ಸಣ್ಣ ಕಲ್ಲುಗಳನ್ನು ಟೈರೇ ನುಂಗುತ್ತದೆ. ಬೆಲೆಯೂ ಇದೆ. ದೊಡ್ಡ ಕಲ್ಲಿಗೆ ಬಡಿದರೆ ಟ್ಯೂಬು ರಿಮ್ಮಿಗೂ ಕಲ್ಲಿಗೂ ನಡುವೆ ಚಿವುಟಿಕೊಂಡು ಹಾವು ಕಚ್ಚಿದಂತೆ ಜೋಡಿ ತೂತು ಬೀಳುತ್ತದೆ. ಟೈರು ರಿಮ್ಮಿನ ಮೇಲೆ ಜಾರಿ ಟ್ಯೂಬಿನ ವಾಲ್ವನ್ನೇ ಕಿತ್ತುಬಿಡಬಹುದು. ಡಾಂಬರಿಗೆ ಮರಳಿದ ಕೂಡಲೇ ಗಾಳಿ ತುಂಬದಿದ್ದರೆ ಮಡಚಿ ಮಡಚಿ ಟೈರು ಬಿಸಿಯೇರುತ್ತದೆ. ಆದ್ದರಿಂದ ಗಾಳಿ ಇಳಿಸುವ ಅಭ್ಯಾಸ ಮಾಡಿಕೊಳ್ಳುವ ಮುನ್ನ ಕೈಪಂಪೊಂದು ಚೀಲದಲ್ಲಿರಲಿ.

ಉದ್ದ ಓಟದ ಶಾಕಪ್ಪು ಇರುವ ಬೈಕಿನಲ್ಲಿ ಚೈನಿನ ಸಡಿಲು ಒಂದು ರೇಖಾಗಣಿತದ ಲೆಕ್ಕ. ಮುಂದಿನ ಸ್ಪ್ರಾಕೆಟ್ಟು, ಸ್ವಿಂಗ್ ಆರ್ಮಿನ ತಿರುಗುಗೂಟ, ಹಿಂದಿನ ಆಕ್ಸಲ್ ಈ ಮೂರು ಬಿಂದುಗಳು ಸಾಮಾನ್ಯವಾಗಿ ಒಂದೇ ಗೆರೆಯಲ್ಲಿಲ್ಲ. ಶಾಕಪ್ಪು ಅದುಮಿದಂತೆ ಆಕ್ಸಲು ಮೇಲೇರುತ್ತ ಒಂದು ಹಂತದಲ್ಲಿ ಮೂರೂ ಒಂದೇ ಗೆರೆಗೆ ಬರುತ್ತವೆ. ಸ್ಪ್ರಾಕೆಟ್ಟಿಗೂ ಆಕ್ಸಲಿಗೂ ಗರಿಷ್ಠ ದೂರ ಆಗಲೇ, ಚೈನು ಅತಿ ಬಿಗಿಯಾಗುವುದೂ ಆಗಲೇ. ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, "ಸ್ವಲ್ಪ ಲೂಸಾಗಿದೆ, ಟೈಟ್ ಮಾಡ್ತೀನಿ" ಎಂದು ಎಳೆದು ಕಟ್ಟಿದ ಚೈನು ಕಲ್ಲುದಾರಿಯಲ್ಲಿ ಆ ಹಂತ ತಲುಪಿದಾಗ ಎಳೆದ ಹಗ್ಗವಾಗುತ್ತದೆ. ಆಗ ಶಾಕಪ್ಪನ್ನು ತಡೆಯುವುದು ಸ್ಪ್ರಿಂಗಲ್ಲ, ಚೈನು. ಅಷ್ಟೂ ಬಲ ಗೇರ್ ಬಾಕ್ಸಿನ ಹೊರ ಶಾಫ್ಟಿನ ಬೇರಿಂಗಿನ ಮೇಲೆ. ಹಿಂದೆ ಯಾಕೋ ಗಡಸು ಎಂದು ಸವಾರ ಗೊಣಗುತ್ತಾನೆ, ಬೇರಿಂಗು ಒಳಗೇ ಸವೆಯುತ್ತಿರುತ್ತದೆ. ಒಮ್ಮೆ ಇಬ್ಬರು ದಪ್ಪ ಸ್ನೇಹಿತರನ್ನು ಕೂರಿಸಿ, ಮೂರು ಬಿಂದು ಒಂದೇ ಗೆರೆಗೆ ಬಂದಾಗಲೂ ಚೈನು ಬೆರಳಿಗೆ ತುಸು ಆಡುತ್ತದೆಯೇ ನೋಡಿ. ಆಡುವಂತಿದ್ದರೆ, ಅವರು ಇಳಿದ ಮೇಲೆ ಎಷ್ಟು ಸಡಿಲು ಕಾಣುತ್ತದೋ ಅದೇ ನಿಮ್ಮ ಬೈಕಿನ ಅಳತೆ, ಕೈಪಿಡಿಯ ಅಂಕಿಗೆ ಹೋಲಿಸಿ ಬರೆದಿಡಿ. ಓ-ರಿಂಗ್ ಚೈನಿನ ಒಳಗೆ ಗ್ರೀಸನ್ನು ಕಾರ್ಖಾನೆಯಲ್ಲೇ ತುಂಬಿ ರಬ್ಬರಿನಿಂದ ಮುಚ್ಚಿರುತ್ತಾರೆ. ಪೆಟ್ರೋಲಿನಲ್ಲಿ ತೊಳೆದರೆ ಆ ರಬ್ಬರು ಹಾಳು. ಸೀಮೆಎಣ್ಣೆ, ಮೆತ್ತನೆ ಬ್ರಷ್ಷು ಸಾಕು.

ಮಲೆನಾಡಿನ ಕೆಂಪು ಜಂಬಿಟ್ಟಿಗೆ ಮಣ್ಣು ಬೇಸಗೆಯಲ್ಲಿ ಹಿಟ್ಟಿನಂಥ ಧೂಳಾಗಿ ಏಳುತ್ತದೆ. ಧೂಳಿನಲ್ಲಿರುವ ಸ್ಫಟಿಕದ ಕಣ ಮೋಸ್ ಮಾಪಕದಲ್ಲಿ 7ರಷ್ಟು ಗಡಸು, ಸಾಮಾನ್ಯ ಕಬ್ಬಿಣ 4ರ ಹತ್ತಿರ. 200 ಸಿಸಿ ಎಂಜಿನ್ನು 6,000 ಸುತ್ತಿನಲ್ಲಿ ಪೂರ್ತಿ ಥ್ರಾಟಲ್ ತೆರೆದು ಓಡಿದರೆ ನಿಮಿಷಕ್ಕೆ 600 ಲೀಟರ್, ಗಂಟೆಗೆ 36 ಘನ ಮೀಟರ್ ಗಾಳಿ ಎಳೆಯಬಲ್ಲದು. ಹತ್ತಡಿ ಅಗಲ, ಹನ್ನೆರಡಡಿ ಉದ್ದ, ಹತ್ತಡಿ ಎತ್ತರದ ಕೋಣೆಯ ಅಷ್ಟೂ ಗಾಳಿ. ಮುಂದಿನ ಬೈಕಿನ ಧೂಳಿನಲ್ಲೇ ಹೋಗುತ್ತಿದ್ದರೆ ಅಂಥ ಕೋಣೆಯ ಧೂಳೆಲ್ಲ ಏರ್ ಫಿಲ್ಟರಿನ ಪಾಲಿಗೆ. ಫಿಲ್ಟರಿನ ಅಂಚು ಸರಿಯಾಗಿ ಕೂತಿರದೆ ಒಂದು ಸಂದು ಉಳಿದರೂ ಎಂಜಿನ್ನು ಸಾಣೆ ಪುಡಿ ಉಸಿರಾಡಿದಂತೆ. ಹೆಚ್ಚು ಶಕ್ತಿ ಬರುತ್ತದೆಂದು ಫಿಲ್ಟರ್ ಪೆಟ್ಟಿಗೆಗೆ ತೂತು ಕೊರೆಯುವುದು, ಸೈಲೆನ್ಸರ್ ಬದಲಿಸುವುದು ಈ ದಾರಿಗಳಿಗೆ ಸಲ್ಲದ ಕೆಲಸ. ನೋಂದಣಿ ಪತ್ರದಲ್ಲಿನ ವಿವರಕ್ಕೆ ಹೊಂದದ ಮಾರ್ಪಾಟಿಗೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡಿ ಬರುತ್ತದೆ, ಅದಕ್ಕಿಂತ ಹೆಚ್ಚಾಗಿ ಕಾಡಂಚಿನ ಊರಿನ ನಿದ್ದೆಗೆ ನಮ್ಮ ಸದ್ದು ಬೇಡ.

ಒಂದು ಜುಲೈನಲ್ಲಿ ಮೊಣಕಾಲುದ್ದದ ಹಳ್ಳ ದಾಟುವಾಗ ಬೈಕು ನಡುನೀರಲ್ಲಿ ಮಗುಚಿಕೊಂಡಿತು. ಎತ್ತಿ ದಡಕ್ಕೆ ತಳ್ಳಿ, ಮೊದಲ ಕೆಲಸವೆಂಬಂತೆ ನನ್ನ ಹೆಬ್ಬೆರಳು ಸ್ಟಾರ್ಟರ್ ಗುಂಡಿಗೆ ಹೋಯಿತು. ಹಿಂದೆ ನಿಂತಿದ್ದ ತೋಟದ ಜೀಪಿನ ಚಾಲಕರು ಕೂಗಿದರು: "ಸೆಲ್ಫ್ ಹೊಡೀಬೇಡಿ ಸಾರ್, ಮೊದ್ಲು ಪ್ಲಗ್ ಬಿಚ್ಚಿ!" ಅವರ ಕೂಗಿನ ಹಿಂದಿನ ಲೆಕ್ಕ ಹೀಗೆ. ಸಂಕೋಚನ ಅನುಪಾತ ಹತ್ತಕ್ಕೆ ಒಂದಿರುವ 200 ಸಿಸಿ ಎಂಜಿನ್ನಿನಲ್ಲಿ ಪಿಸ್ಟನ್ನು ಮೇಲೇರಿ ನಿಂತಾಗ ಉಳಿಯುವ ಜಾಗ ಸುಮಾರು 22 ಮಿಲಿಲೀಟರು, ನಾಲ್ಕೂವರೆ ಚಹಾ ಚಮಚ. ಗಾಳಿ ಕುಗ್ಗಿ ಅಷ್ಟರಲ್ಲಿ ಹಿಡಿಯುತ್ತದೆ, ನೀರು ಕುಗ್ಗುವುದಿಲ್ಲ. ಐದು ಚಮಚ ನೀರು ಒಳಗಿದ್ದರೆ ಪಿಸ್ಟನ್ನು ಮೇಲೆ ತಲುಪಲಾರದು. ತಲುಪಿಸಲು ಒತ್ತಾಯಿಸಿದರೆ ಕನೆಕ್ಟಿಂಗ್ ರಾಡು ಬಾಗುತ್ತದೆ. ಪ್ಲಗ್ಗು ಬಿಚ್ಚಿ, ಫಿಲ್ಟರ್ ಪೆಟ್ಟಿಗೆ ಬರಿದು ಮಾಡಿ, ಆಮೇಲೆ ತಿರುಗಿಸಿದಾಗ ಪ್ಲಗ್ಗಿನ ತೂತಿನಿಂದ ನೀರು ಪಿಚಕಾರಿಯಂತೆ ಚಿಮ್ಮಿತು. ಆಯಿಲ್ ನೋಡುವ ಗಾಜಿನಲ್ಲಿ ಹಾಲು ಬೆರೆಸಿದ ಕಾಫಿಯ ಬಣ್ಣ ಕಂಡಿತು, ಅಂದರೆ ಆಯಿಲಿಗೂ ನೀರು ಸೇರಿದೆ. ಅದನ್ನು ಬದಲಿಸದೆ ಓಡಿಸುವಂತಿಲ್ಲ. ನಿಮ್ಮ ಬೈಕು ಗಾಳಿ ಎಳೆದುಕೊಳ್ಳುವ ಮೂಗು ಎಲ್ಲಿದೆ, ಸೀಟಿನ ಅಡಿಯಲ್ಲೋ ಟ್ಯಾಂಕಿನ ಅಡಿಯಲ್ಲೋ, ಇವತ್ತೇ ನೋಡಿಕೊಳ್ಳಿ. ನೀವು ದಾಟಬಹುದಾದ ನೀರಿನ ಮೇರೆ ಆ ಮೂಗಿನಿಂದ ಬಹಳ ಕೆಳಗಿರಬೇಕು. ಬ್ರೇಕಿನಿಂದ ಬಿಸಿಯಾಗಿದ್ದ ಚಕ್ರದ ಹಬ್ಬು ನೀರಿಗಿಳಿದಾಗ ಒಮ್ಮೆಲೆ ತಣ್ಣಗಾಗುತ್ತದೆ, ಒಳಗಿನ ಗಾಳಿ ಕುಗ್ಗಿ ಸೀಲಿನ ಸಂದಿನಿಂದ ನೀರನ್ನು ಒಳಗೆಳೆದುಕೊಳ್ಳುತ್ತದೆ. ಚಕ್ರದ ಬೇರಿಂಗು ತಿಂಗಳ ನಂತರ ಗುಂಯ್‌ಗುಡುವುದು ಹೀಗೆ.

ಬ್ರೇಕಿನ ಬಿಸಿ ಎಂದರೆ ಸಣ್ಣದಲ್ಲ. 230 ಕಿಲೋ ಹೊತ್ತು 500 ಮೀಟರ್ ಘಾಟಿ ಇಳಿದರೆ ಬಿಡುಗಡೆಯಾಗುವ ಶಕ್ತಿಯಿಂದ ಮೂರೂವರೆ ಲೀಟರ್ ನೀರು ಕುದಿಸಬಹುದು. ಬ್ರೇಕಿನ ಎಣ್ಣೆ ಗಾಳಿಯ ತೇವ ಹೀರಿ ವರ್ಷಗಳಲ್ಲಿ ತನ್ನ ಕುದಿಬಿಂದು ಕಳೆದುಕೊಳ್ಳುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಆಗುಂಬೆಯ ತಿರುವುಗಳಲ್ಲಿ ಕೆಳಗಿನ ಗೇರಿನಲ್ಲಿ ಎಂಜಿನ್ನಿಗೂ ಸ್ವಲ್ಪ ಕೆಲಸ ಕೊಡಿ.

ಇನ್ನು ಸೇರಿಸುವ ಸಾಮಾನು. ಹ್ಯಾಂಡಲ್ ಎತ್ತರಿಸುವ ತುಂಡು ನಾನು ಹಾಕಿಸಿದ ಅತಿ ಹಿತವಾದ ಮಾರ್ಪಾಟು. ಕೆಟ್ಟ ದಾರಿಯಲ್ಲಿ ಎದ್ದು ನಿಂತು ಓಡಿಸುವಾಗ ಬೆನ್ನು ಬಾಗುವುದಿಲ್ಲ, ಮೊಣಕಾಲುಗಳೇ ಎರಡನೇ ಶಾಕಪ್ಪಾಗುತ್ತವೆ. ಆದರೆ ಕೂರಿಸಿದ ಮೇಲೆ ಎಂಜಿನ್ ಚಾಲೂ ಇಟ್ಟು ಹ್ಯಾಂಡಲನ್ನು ಎರಡೂ ಕಡೆಗೆ ಕೊನೆತನಕ ತಿರುಗಿಸಿ. ಎಂಜಿನ್ನಿನ ಸದ್ದು ಏರಿದರೆ ಥ್ರಾಟಲ್ ಕೇಬಲ್ಲು ಎಳೆಯುತ್ತಿದೆ, ಹೇರ್‌ಪಿನ್ ತಿರುವಿನಲ್ಲಿ ಅದು ಪ್ರಾಣಕ್ಕೆ ಬರುತ್ತದೆ. ಭಾರದ ವಿಷಯದಲ್ಲಿ ಎಷ್ಟು ಎನ್ನುವುದಕ್ಕಿಂತ ಎಲ್ಲಿ ಎನ್ನುವುದು ಮುಖ್ಯ. ತಿರುಗುವ ಜಡತ್ವ ದೂರದ ವರ್ಗದಂತೆ ಏರುತ್ತದೆ. ಬೈಕಿನ ನಡುವಿನಿಂದ 40 ಸೆಂಟಿಮೀಟರಿನಲ್ಲಿ ನೇತುಹಾಕಿದ ಹತ್ತು ಕಿಲೋ ಚೀಲವನ್ನೇ ಒಂದು ಮೀಟರ್ ಹಿಂದಿನ ಪೆಟ್ಟಿಗೆಗೆ ಸರಿಸಿದರೆ ಆ ಭಾರವನ್ನು ತಿರುಗಿಸುವ ಕಷ್ಟ ಆರು ಪಟ್ಟು. ಅದಕ್ಕೇ ನಾನು ಕ್ಯಾರಿಯರನ್ನು ಕೊನೆಗೂ ತೆಗೆಸಿ, ಸೀಟಿನ ಎರಡು ಬದಿಗೆ ಮೆತ್ತನೆಯ ಚೀಲ ಇಳಿಬಿಟ್ಟೆ.

ಕಡ್ಡಿಯ ಚಕ್ರ, ಟ್ಯೂಬಿನ ಟೈರು ಎಂದಮೇಲೆ ಪಂಕ್ಚರು ಹಾಕುವುದನ್ನು ಮನೆಯ ಅಂಗಳದಲ್ಲೇ ಒಮ್ಮೆ ಕಲಿತುಕೊಳ್ಳಬೇಕು, ಬೈಕಿನ ಜೊತೆ ಕೊಟ್ಟ ಸಾಮಾನಿನಿಂದಲೇ. ನನಗೆ ಮೊದಲ ಸಲ ಎರಡೂವರೆ ಗಂಟೆ ಹಿಡಿಯಿತು. ಹಿಂದಿನ ಆಕ್ಸಲಿನ ನಟ್ಟಿಗೆ ನನ್ನ ಸ್ಪ್ಯಾನರು ಸಣ್ಣದು ಎಂದು ಗೊತ್ತಾದದ್ದೂ ಅಂದೇ. ಟೈರಿನ ಅಂಚಿನಲ್ಲಿ ಹಿಗ್ಗದ ಉಕ್ಕಿನ ತಂತಿಯ ಬಳೆಯಿದೆ, ಎಷ್ಟು ಬಲ ಹಾಕಿದರೂ ಅದು ರಿಮ್ಮಿನ ತುಟಿ ದಾಟಿ ದೊಡ್ಡದಾಗುವುದಿಲ್ಲ. ನಾನು ಎರಡು ಲಿವರು ಹಾಕಿ ಮೀಟಿ, ಟ್ಯೂಬನ್ನೇ ಚಿವುಟಿ ಇನ್ನೊಂದು ತೂತು ಮಾಡಿದೆ. ಪಂಕ್ಚರ್ ಅಂಗಡಿಯವರ ಕೈಯನ್ನು ಗಮನವಿಟ್ಟು ನೋಡಿದ ಮೇಲೆ ಗುಟ್ಟು ತಿಳಿಯಿತು. ರಿಮ್ಮಿನ ನಟ್ಟನಡುವೆ, ಕಡ್ಡಿಗಳ ತಲೆ ಕಾಣುವ ಕಡೆ, ಸುತ್ತಲೂ ಒಂದು ತಗ್ಗು ಕಾಲುವೆಯಿದೆ. ಅವರು ಮೀಟುವ ಜಾಗಕ್ಕೆ ಎದುರಿನ ಬದಿಯಲ್ಲಿ ಟೈರಿನ ಮೇಲೆ ಮೊಣಕಾಲೂರಿ ಆ ಬಳೆಯನ್ನು ತಗ್ಗಿಗೆ ಇಳಿಸುತ್ತಾರೆ. ಅಲ್ಲಿ ಉಳಿತಾಯವಾದ ಸುತ್ತಳತೆಯೆಲ್ಲ ಈಚೆ ಬದಿಗೆ ಸಡಿಲಾಗಿ ಬರುತ್ತದೆ, ಕೊನೆಯ ಗೇಣನ್ನು ಲಿವರಿಲ್ಲದೆ ಹೆಬ್ಬೆರಳಲ್ಲೇ ಒಳಗೆ ನೂಕಬಹುದು.